ಹಲ್ಲಿನಲ್ಲಿ ಅಡಗಿದ ಹುಟ್ಟೂರು

ಬೀದರ ನಗರದ ನಡುವೆ 1472ರಲ್ಲಿ ತಲೆಯೆತ್ತಿದ ಮದರಸಾ, ಒಂದು ಪಾರ್ಶ್ವ ಕುಸಿದಿದ್ದರೂ ಇಂದಿಗೂ ಗಂಭೀರವಾಗಿ ನಿಂತಿದೆ. ಅದನ್ನು ಕಟ್ಟಿಸಿದ ಬಹಮನೀ ಮಂತ್ರಿ ಮಹಮೂದ್ ಗವಾನನು ಇರಾನಿನ ಗಿಲಾನ್ ಪ್ರಾಂತದಿಂದ ಬಂದವನೆಂದು ಇತಿಹಾಸ ಬರೆದಿಟ್ಟಿದೆ. ಅದೇ ಕಾಲದಲ್ಲಿ ಆಫ್ರಿಕದಿಂದ ಬಂದು ಸುಲ್ತಾನರ ಸೈನ್ಯದಲ್ಲಿಯೂ ಅರಮನೆಯಲ್ಲಿಯೂ ದುಡಿದ ಹಬಶಿಗಳು ಹಲವರು. ಅವರಲ್ಲಿ ಹೆಚ್ಚಿನವರ ಹುಟ್ಟೂರನ್ನು ಯಾರೂ ಬರೆದಿಡಲಿಲ್ಲ. ಮಂತ್ರಿಗೆ ದೊರೆತ ಭಾಗ್ಯ ಆಳಿಗೆ ದೊರೆಯಲಿಲ್ಲ. ಆದರೆ ಕಾಗದ ಮರೆತುದನ್ನು ಹಲ್ಲು ಮರೆಯದು ಎನ್ನುತ್ತದೆ ಇಂದಿನ ವಿಜ್ಞಾನ.

ಇದರ ಗುಟ್ಟು ಸ್ಟ್ರಾಂಷಿಯಂ ಎಂಬ ಧಾತುವಿನಲ್ಲಿದೆ. ಗುಣದಲ್ಲಿ ಇದು ಕ್ಯಾಲ್ಸಿಯಮ್ಮಿನ ಹತ್ತಿರದ ನಂಟ. ಕಲ್ಲು ಸವೆದು ಮಣ್ಣಾದಾಗ ನೀರಿನೊಡನೆ ಬೆಳೆಗೆ, ಬೆಳೆಯಿಂದ ಅನ್ನಕ್ಕೆ, ಅನ್ನದಿಂದ ಮೂಳೆ ಹಲ್ಲುಗಳಿಗೆ ಸೇರುತ್ತದೆ. ಮೂಳೆಯು ಜೀವಮಾನವಿಡೀ ಹೊಸದಾಗುತ್ತಿರುತ್ತದೆ. ಹಲ್ಲಿನ ಮೇಲಿನ ಎನಾಮೆಲ್ ಕವಚ ಹಾಗಲ್ಲ. ಮೊದಲ ಶಾಶ್ವತ ದವಡೆಹಲ್ಲಿನ ಕವಚವು ಮಗುವಿಗೆ ಸುಮಾರು ಮೂರು ವರ್ಷ ತುಂಬುವುದರೊಳಗೆ ರೂಪುಗೊಂಡು, ಆಗ ಉಂಡ ನೆಲದ ಗುರುತನ್ನು ಕೊನೆಯವರೆಗೂ ಹೊತ್ತಿರುತ್ತದೆ.

ನೆಲದಿಂದ ನೆಲಕ್ಕೆ ಈ ಗುರುತು ಬೇರೆಯಾಗುವುದು ಹೇಗೆ? ಸ್ಟ್ರಾಂಷಿಯಂ ಪರಮಾಣುಗಳಲ್ಲಿ 86 ಮತ್ತು 87 ತೂಕದ ಬಗೆಗಳುಂಟು. ಶಿಲೆಯಲ್ಲಿರುವ ರುಬಿಡಿಯಂ ಧಾತುವಿನ ಒಂದು ಬಗೆ ಬಹು ನಿಧಾನವಾಗಿ 87 ತೂಕದ ಸ್ಟ್ರಾಂಷಿಯಂ ಆಗಿ ಮಾರ್ಪಡುತ್ತದೆ. ಅದರ ಅರ್ಧ ಭಾಗ ಮಾರ್ಪಡಲು ಸುಮಾರು 4,900 ಕೋಟಿ ವರ್ಷಗಳು ಬೇಕು! ಆದ್ದರಿಂದ ರುಬಿಡಿಯಂ ಹೆಚ್ಚಿರುವ ಹಳೆಯ ಶಿಲೆಯಲ್ಲಿ 87ರ ಪಾಲೂ ಹೆಚ್ಚು. ರಾಯಚೂರಿನ ಕಡೆಯ ಗ್ರಾನೈಟ್ ಶಿಲೆಗಳು ಸುಮಾರು 250 ಕೋಟಿ ವರ್ಷ ಹಳೆಯವು. ಬೀದರದ ನೆಲವಾದರೋ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ಹೆಪ್ಪುಗಟ್ಟಿ ಆದ ಕಪ್ಪು ಶಿಲೆ. ಇಂಥ ಶಿಲೆಯಲ್ಲಿ 86ಕ್ಕೆ 87ರ ಪ್ರಮಾಣ ಬಹುಮಟ್ಟಿಗೆ 0.704ರಿಂದ 0.71ರವರೆಗೆ, ಹಳೆಯ ಗ್ರಾನೈಟಿನಲ್ಲಿ ಅದು 0.72ನ್ನು ಮೀರುವುದುಂಟು. ಕಣ್ಣಿಗೆ ಕೂದಲೆಳೆಯೆಂದು ತೋರುವ ಈ ಅಂತರ ಪ್ರಯೋಗಶಾಲೆಯ ಯಂತ್ರಕ್ಕೆ ಬೆಟ್ಟದಷ್ಟು.

ಆದರೆ ಹಲ್ಲನ್ನು ಓದುವ ಮೊದಲು ನೆಲದ ನಕ್ಷೆ ಬೇಕು. ಅದಕ್ಕೆ ಶಿಲೆಯನ್ನಷ್ಟೇ ಅಳೆದರೆ ಸಾಲದು. ಗಾಳಿ ತಂದ ಧೂಳು, ಮಳೆ, ಗೊಬ್ಬರ ಇವೂ ತಮ್ಮ ಪಾಲು ಬೆರೆಸುತ್ತವೆ. ಆದುದರಿಂದ ಸಂಶೋಧಕರು ಗಿಡದ ಎಲೆ, ಬಸವನಹುಳುವಿನ ಚಿಪ್ಪು, ಹೊಳೆಯ ನೀರುಗಳನ್ನು ಕೂಡಿಹಾಕುತ್ತಾರೆ. ಬೀದರ ನಗರ ಕುಳಿತಿರುವುದು ಲಾವಾ ಶಿಲೆಯ ನೆತ್ತಿಗೆ ಕವಿದ ಕೆಂಪು ಜಂಬಿಟ್ಟಿಗೆಯ ಮೇಲೆ. ಮಾಂಜ್ರಾ ನದಿ ಹರಿಯುವ ಭಾಲ್ಕಿ, ಔರಾದಗಳಲ್ಲಿ ಹೆಚ್ಚಾಗಿ ಕಾಣುವುದು ಎರೆಭೂಮಿ. ಜಂಬಿಟ್ಟಿಗೆಯ ಸಾರ ಬಹಳಷ್ಟು ಮಳೆಗೆ ತೊಳೆದುಹೋಗಿರುವುದರಿಂದ ಅಲ್ಲಿ ಧೂಳು ಮಳೆಗಳ ಪಾಲು ಹೆಚ್ಚಿರಬಹುದು. ಕೋಟೆಯ ಬಳಿಯ ಬೇವನ್ನೂ ಔರಾದದ ಜಾಲಿಯನ್ನೂ ಬೇರೆಬೇರೆಯಾಗಿ ಅಳೆಯಲೇಬೇಕು.

ಈ ಶ್ರಮದ ಫಲ ಸಣ್ಣದಲ್ಲ. ಆಫ್ರಿಕದ 24 ದೇಶಗಳ ಸುಮಾರು 900 ಮಾದರಿಗಳಿಂದ ರಚಿಸಿದ ಇಂಥ ನಕ್ಷೆ 2024ರಲ್ಲಿ ಪ್ರಕಟವಾಯಿತು. ಅದರ ನೆರವಿನಿಂದ, ಗುಲಾಮರಾಗಿ ಕಡಲಾಚೆಗೆ ಸಾಗಿಸಲ್ಪಟ್ಟು ಅಮೆರಿಕ ಖಂಡಗಳಲ್ಲಿ ಮಣ್ಣಾದವರ ತವರು ಯಾವ ಸೀಮೆಯಲ್ಲಿತ್ತೆಂದು ಊಹಿಸಲು ಸಾಧ್ಯವಾಗಿದೆ.

ಹಾಗೆಂದು ಹಲ್ಲು ಅಂಚೆಯ ವಿಳಾಸ ಬರೆದುಕೊಡದು. ಭಾಲ್ಕಿಯಲ್ಲಿ ಹುಟ್ಟಿದವನನ್ನು ರಾಯಚೂರಿನವನಿಂದ ಅದು ಬೇರ್ಪಡಿಸೀತು. ಔರಾದದವನಿಂದ ಬೇರ್ಪಡಿಸುವುದು ಕಷ್ಟ, ಏಕೆಂದರೆ ಇಬ್ಬರದೂ ಒಂದೇ ಲಾವಾ ನೆಲ. ಇನ್ನೂ ಸೋಜಿಗವೆಂದರೆ, ಹಬಶಿಗಳಿಗೆ ಹೆಸರು ಕೊಟ್ಟ ಇಥಿಯೋಪಿಯದ ಎತ್ತರದ ಸೀಮೆಯ ಬಹುಭಾಗವೂ ಲಾವಾ ನೆಲವೇ! ಅಲ್ಲಿ ಹುಟ್ಟಿ ಬೀದರದಲ್ಲಿ ಸತ್ತವನ ಹಲ್ಲು ಇಲ್ಲಿಯವನ ಹಲ್ಲಿನಂತೆಯೇ ನುಡಿದರೂ ನುಡಿಯಬಹುದು. ಆಗ ಆಮ್ಲಜನಕ, ಸೀಸಗಳ ಸಾಕ್ಷ್ಯವನ್ನೂ ಕೇಳಬೇಕಾಗುತ್ತದೆ.

‘ಇವನು ಇಲ್ಲಿ ಹುಟ್ಟಿದವನಲ್ಲ’ ಎಂದು ಹಲ್ಲು ಕೆಲವೊಮ್ಮೆ ಖಂಡಿತವಾಗಿ ಹೇಳಬಲ್ಲದು. ‘ಇಲ್ಲಿಯವನೇ’ ಎಂಬುದಕ್ಕೆ ಮಾತ್ರ ಅದರ ಉತ್ತರ ‘ಇರಬಹುದು’ ಎಂದಷ್ಟೆ.