ಕಲ್ಲು ಹಿಡಿದಿಟ್ಟ ನೀರು: ದುರ್ಗದ ಸೀಮೆ ಮೂಡಿದ ಬಗೆ

ಚಿತ್ರದುರ್ಗದ ಆಗ್ನೇಯಕ್ಕಿರುವ ಮರಡಿಹಳ್ಳಿಯಲ್ಲಿ ಒಂದರ ಮೇಲೊಂದು ದಿಂಬು ಒಟ್ಟಿದಂತೆ ಕಾಣುವ ಬಂಡೆಗಳಿವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿದ ಲಾವಾ, ಹೊರಮೈ ತಟ್ಟನೆ ತಣಿದು ಉಬ್ಬುಬ್ಬಾಗಿ ಗಟ್ಟಿಯಾದದ್ದರಿಂದ ಈ ಆಕಾರ ಬಂತು. ಈ ತಾಣ ಈಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಇಂದು ಬರದ ಸೀಮೆ ಎನಿಸಿಕೊಂಡ ನೆಲ ಒಂದು ಕಾಲಕ್ಕೆ ನೀರಿನಡಿಯಲ್ಲಿತ್ತು ಎಂಬುದಕ್ಕೆ ಈ ಬಂಡೆಗಳೇ ಸಾಕ್ಷಿ.

ಸಹ್ಯಾದ್ರಿಯ ಮಳೆಮರೆಗೆ ಸಿಕ್ಕಿದ ಈ ಎತ್ತರದ ಬಯಲಿನಲ್ಲಿ ಮಳೆ ಕಡಿಮೆ. ಬಂದರೂ ಬೋಳು ಗುಡ್ಡಗಳ ಮೇಲಿಂದ ಜಾರಿ ಹೋಗುತ್ತದೆ. ಜಾರುವ ನೀರಿಗೆ ಕಲ್ಲನ್ನೇ ಅಡ್ಡವಿಟ್ಟು ನಿಲ್ಲಿಸುವುದನ್ನು ಕಲಿತ ಮೇಲೆಯೇ ಇಲ್ಲಿ ಊರು, ಕೋಟೆ, ತೋಟಗಳು ನಿಂತವು.

ಈ ಕಲಿಕೆಯ ಹಳೆಯ ಬರಹ ಚಿತ್ರದುರ್ಗದ ಬೆಟ್ಟಗಳ ಮಡಿಲಿನ ಚಂದ್ರವಳ್ಳಿಯಲ್ಲಿದೆ. ಅಲ್ಲಿಯ ಬಂಡೆಯೊಂದರ ಮೇಲೆ ಕದಂಬರ ಮಯೂರಶರ್ಮನ ಪ್ರಾಕೃತ ಶಾಸನವಿದೆ. 4ನೆಯ ಶತಮಾನದ ಈ ಶಾಸನ ಅವನು ಗೆದ್ದ ಪಲ್ಲವ, ಆಭೀರ ಮೊದಲಾದವರನ್ನು ಹೆಸರಿಸುತ್ತದೆ. ಆದರೆ ಅದನ್ನು ಬರೆಸಿದ್ದು ಕೆರೆ ಕಟ್ಟಿಸಿದ ನೆನಪಿಗೆ. ಇದನ್ನು ಬೆಳಕಿಗೆ ತಂದವರು ಎಂ.ಎಚ್. ಕೃಷ್ಣ. ಅವರೂ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ನಡೆಸಿದ ಉತ್ಖನನಗಳಲ್ಲಿ ಶಾತವಾಹನರ ನಾಣ್ಯಗಳ ಜೊತೆಗೆ ರೋಮನ್ ನಾಣ್ಯಗಳೂ ಸಿಕ್ಕಿದವು. ಮಯೂರಶರ್ಮನಿಗಿಂತ ಮೊದಲೇ ಈ ಕಣಿವೆಗೆ ದೂರದೇಶದ ವ್ಯಾಪಾರದ ನಂಟಿತ್ತು.

16ನೆಯ ಶತಮಾನದಲ್ಲಿ ವಿಜಯನಗರದ ಆಶ್ರಯದಲ್ಲಿ ತಿಮ್ಮಣ್ಣ ನಾಯಕ ದುರ್ಗದಲ್ಲಿ ನೆಲೆಯೂರಿದ. ಅವನೂ ಅವನ ನಂತರದ ಪಾಳೆಯಗಾರರೂ ಬೇಡ ಸಮುದಾಯದವರು. ಅವರ ಕಾಲದಲ್ಲಿ ಏಳು ಸುತ್ತಿನ ಕೋಟೆ ಬೆಳೆಯಿತು. ಅದರ ಗೋಡೆಗಳಷ್ಟೇ ಜಾಣ್ಮೆ ಅದರ ಹೊಂಡಗಳಲ್ಲಿಯೂ ಇದೆ. ಬೆಟ್ಟದ ಮೇಲೆ ಬಿದ್ದ ಮಳೆ ಮೊದಲು ಗೋಪಾಲಸ್ವಾಮಿ ಹೊಂಡ ಸೇರುತ್ತದೆ. ಅದು ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಕೆಳಗಿನ ಪೇಟೆಯ ಸಂತೆ ಹೊಂಡಕ್ಕೆ ಇಳಿಯುತ್ತದೆ. ಮೇಲಿನವರಿಗೆ ಸಾಕಾಗಿ ಉಳಿದದ್ದು ಕೆಳಗಿನವರ ಪಾಲು. ಮುತ್ತಿಗೆಗಳನ್ನು ತಾಳಿಕೊಳ್ಳಲು ಕೋಟೆಗೆ ಈ ನೀರೇ ಬಲ ಕೊಟ್ಟಿತು. ಜನರ ಬಾಯಲ್ಲಿರುವ ಕಥೆಯಲ್ಲಿ ಕೋಟೆಯ ಕಾವಲುಗಾರನ ಹೆಂಡತಿ ಓಬವ್ವ, ಗಂಡ ಊಟಕ್ಕೆ ಕೂತಿದ್ದಾಗ ನೀರು ತರಲೆಂದು ಹೋಗಿಯೇ ಕಿಂಡಿಯಲ್ಲಿ ನುಸುಳುತ್ತಿದ್ದ ಮೈಸೂರಿನ ಹೈದರ್ ಅಲಿಯ ಸೈನಿಕರನ್ನು ಕಂಡಳು. ಕೈಗೆ ಸಿಕ್ಕ ಒನಕೆಯಿಂದ ಒಬ್ಬೊಬ್ಬರನ್ನೇ ಬಡಿದಳು. ಆದರೂ 1779ರಲ್ಲಿ ಪಾಳೆಯಗಾರ ಮದಕರಿ ನಾಯಕ ಸೋತು, ಕೋಟೆ ಹೈದರ್ ಅಲಿಯ ವಶವಾಯಿತು.

ಕೋಟೆಯ ಹೊರಗಿನ ಕುರುಚಲು ಕಾಡು ದನಗಾಹಿಗಳ ನಾಡು. ಮ್ಯಾಸಬೇಡರಲ್ಲಿ ‘ದೇವರ ಎತ್ತು’ಗಳ ಹಿಂಡುಗಳಿವೆ. ಇವುಗಳ ಹೆಗಲಿಗೆ ನೊಗವಿಲ್ಲ; ಮೇವು-ನೀರು ಅರಸಿ ಇವನ್ನು ಕಾಯುವವನು ಕಿಲಾರಿ. ಸತ್ತ ಎತ್ತನ್ನು ಮನೆಯವರನ್ನು ಮಣ್ಣು ಮಾಡಿದಂತೆ ಮಣ್ಣು ಮಾಡುತ್ತಾರೆ. ಹಿರಿಯೂರಿನ ಸುತ್ತಿನ ಕಾಡುಗೊಲ್ಲರ ಹಟ್ಟಿಗಳಿಗೆ ಮುಳ್ಳಿನ ಬೇಲಿಯೇ ಕೋಟೆ. ಅವರ ಸಾಂಸ್ಕೃತಿಕ ವೀರ ಜುಂಜಪ್ಪ ದನ ಕಾಯ್ದವನು. ಉದ್ದನೆಯ ಬಿದಿರ ಕೊಳಲು ‘ಗಣೆ’. ಅದರ ನಾದದ ಜೊತೆಗೆ ಜುಂಜಪ್ಪನ ಕಥೆಯನ್ನು ಹಾಡುತ್ತಾರೆ. ಬಾಯಿಂದ ಬಾಯಿಗೆ ಸಾಗುತ್ತ ಆ ಕಾವ್ಯ ತಲೆಮಾರುಗಳನ್ನು ದಾಟಿ ಬಂದಿದೆ.

ಪಡುವಣದ ಹೊಳಲ್ಕೆರೆ, ಹೊಸದುರ್ಗಗಳ ಕಡೆ ನೆಲದ ಬಣ್ಣ ಬದಲಾಗುತ್ತದೆ. ಕೆರೆಗಳ ಹಿಂದೆ ಅಡಿಕೆ, ತೆಂಗಿನ ತೋಟಗಳಿವೆ. ಹಳೆಯ ಕನ್ನಡದಲ್ಲಿ ‘ಹೊಳಲ್’ ಎಂದರೆ ಪಟ್ಟಣ. ಹೊಳಲ್ಕೆರೆಯ ಹೆಸರಿನಲ್ಲಿಯೇ ಪಟ್ಟಣವೂ ಕೆರೆಯೂ ಸೇರಿಕೊಂಡಿವೆ. 

ಈ ಸೀಮೆಯ ದೊಡ್ಡ ಕಟ್ಟೆ ಎದ್ದದ್ದು ಹಿರಿಯೂರಿನ ಬಳಿಯ ಮಾರಿಕಣಿವೆಯಲ್ಲಿ. ಹೊಸದುರ್ಗದ ಕಡೆಯಿಂದ ಬರುವ ವೇದಾವತಿ ಅಲ್ಲಿ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಹಾದುಹೋಗುತ್ತಿತ್ತು. ಮೈಸೂರು ಸಂಸ್ಥಾನ 1898ರಲ್ಲಿ ಕೆಲಸ ಆರಂಭಿಸಿ 1907ರಲ್ಲಿ ಮುಗಿಸಿತು. ಕೆಲಸ ಆರಂಭವಾದಾಗ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಿರುದಿನಿಂದ ಜಲಾಶಯಕ್ಕೆ ವಾಣಿವಿಲಾಸ ಸಾಗರವೆಂಬ ಹೆಸರು ಬಂತು. ಕಟ್ಟೆಯ ಕೆಳಗೆ ಕಣಿವೆ ಮಾರಮ್ಮನ ಗುಡಿ ಇದೆ. ಸುಮಾರು 30 ಟಿಎಂಸಿ ನೀರು ಹಿಡಿಯುವ ಈ ಸಾಗರದಲ್ಲಿ ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರವರೆಗೆ, 89 ವರ್ಷ ಕಾಯಬೇಕಾಯಿತು. ಆ ವೇಳೆಗೆ ಭದ್ರಾ ಮೇಲ್ದಂಡೆ ಯೋಜನೆಯಡಿ ಅಜ್ಜಂಪುರದ ಸುರಂಗದ ಮೂಲಕ ಭದ್ರೆಯ ನೀರೂ ವೇದಾವತಿಗೆ ಕೂಡಿಕೊಂಡಿತ್ತು.

ಬಂಡೆಯ ಮೇಲಿನ ಶಾಸನದಿಂದ ಭದ್ರಾ ಮೇಲ್ದಂಡೆಯವರೆಗೆ ಸುಮಾರು 1600 ವರ್ಷಗಳ ಅಂತರವಿದೆ. ಆಳಿದವರು ಬದಲಾದರು, ಲಿಪಿ ಬದಲಾಯಿತು. ಎರಡು ಗುಡ್ಡಗಳ ನಡುವೆ ಕಟ್ಟೆ ಹಾಕಿ ನೀರು ನಿಲ್ಲಿಸುವ ಕೆಲಸ ಮಾತ್ರ ಹಾಗೆಯೇ ಮುಂದುವರಿದಿದೆ.