ಬೇಳೆಯ ಆಕಾರವನ್ನು ಬಿಟ್ಟ ಮಸೂರ

ನಮ್ಮ ಅಡಿಗೆಮನೆಗಳಲ್ಲಿ ಚನ್ನಂಗಿ ಎಂದು ಕರೆಯಿಸಿಕೊಳ್ಳುವ ಕಾಳಿಗೆ ಸಂಸ್ಕೃತದಲ್ಲಿ ಮಸೂರವೆಂದು ಹೆಸರು. ಎರಡು ಕಡೆಯೂ ಉಬ್ಬಿದ ಗಾಜಿನ ಬಿಲ್ಲೆಯು ಆ ಕಾಳನ್ನೇ ಹೋಲುವುದರಿಂದ ಅದಕ್ಕೂ ಅದೇ ಹೆಸರಾಯಿತು. ಐರೋಪ್ಯರ ಲೆನ್ಸ್ ಎಂಬ ಶಬ್ದವೂ ಲ್ಯಾಟಿನ್ ಭಾಷೆಯಲ್ಲಿ ಈ ಕಾಳಿನ ಹೆಸರೇ. ವಿಜ್ಞಾನದ ಉಪಾಧ್ಯಾಯರು ರಜೆಯ ಮೇಲಿದ್ದಾಗ ಅವರ ಪಾಠವು ಸಂಸ್ಕೃತಪಂಡಿತನಾದ ನನ್ನ ತಲೆಗೆ ಬೀಳುತ್ತಿತ್ತು. ಮೇಲ್ಮೈ ಬಾಗಿರುವುದೇ ಮಸೂರದ ಲಕ್ಷಣವೆಂದು ಆಗ ಹುಡುಗರಿಗೆ ಧೈರ್ಯವಾಗಿ ಹೇಳಿದ್ದೇನೆ. ಆ ಲಕ್ಷಣಕ್ಕೆ ಈಗ ಅವ್ಯಾಪ್ತಿದೋಷ ಬಂದಿದೆ. ಎಳ್ಳಷ್ಟೂ ಬಾಗಿಲ್ಲದ ಮಸೂರಗಳು ಹುಟ್ಟಿವೆ.

ಈ ವಿಷಯವನ್ನು ನಾನು ಕೆದಕಿದುದಕ್ಕೆ ಕಾರಣ ನನ್ನ ಹೊಟ್ಟೆನೋವು. ಎರಡು ವರ್ಷಗಳ ಕೆಳಗೆ ವೈದ್ಯರು ಕಿರುಬೆರಳಿನ ಗಾತ್ರದ ಕೊಳವೆಯೊಂದನ್ನು ನನ್ನ ಗಂಟಲಿನಲ್ಲಿ ಇಳಿಸಿ, ಅದರ ತುದಿಯ ಕ್ಯಾಮೆರಾದಿಂದ ಜಠರವನ್ನು ನೋಡಿದರು. ಆ ಸಂಕಟವನ್ನು ಅನುಭವಿಸಿದವರೇ ಬಲ್ಲರು. ಇದನ್ನು ಇನ್ನೂ ಸಣ್ಣದು ಮಾಡಲಾಗದೇ ಎಂದು ಕೇಳಿದೆನು. “ಮೇಷ್ಟರೇ, ಗಾಜನ್ನು ಎಷ್ಟೆಂದು ಸವೆಸುವುದು?” ಎಂದು ಅವರು ನಕ್ಕರು.

ಉಬ್ಬು ಮಾಡುವ ಕೆಲಸವೇನೆಂಬುದನ್ನು ಮೊದಲು ನೋಡೋಣ. ಬೆಳಕು ಗಾಳಿಗಿಂತ ಗಾಜಿನಲ್ಲಿ ನಿಧಾನವಾಗಿ ಚಲಿಸುತ್ತದೆ. ಮಸೂರದ ನಡುವೆ ಹಾದ ಕಿರಣಕ್ಕೆ ದಾರಿ ಹತ್ತಿರ, ಆದರೆ ಗಾಜು ದಪ್ಪವಾದುದರಿಂದ ತಡೆ ಹೆಚ್ಚು; ಅಂಚಿನದಕ್ಕೆ ದಾರಿ ದೂರ, ತಡೆ ಕಡಿಮೆ. ಹೀಗೆ ಎಲ್ಲವೂ ಏಕಕಾಲದಲ್ಲಿ ನಾಭಿಯನ್ನು ಸೇರುತ್ತವೆ. ಮಹಾಮಂಗಳಾರತಿಯ ಹೊತ್ತಿಗೆ ಊರೆಲ್ಲ ಗುಡಿಯಲ್ಲಿ ಕೂಡಬೇಕಾದರೆ ದೂರದ ಬೀದಿಯವರು ಮೊದಲೇ ಹೊರಡಬೇಕು, ಹತ್ತಿರದವರು ತಡೆದು ಹೊರಡಬೇಕಷ್ಟೆ. ಈ ತಡೆಯನ್ನು ಬೇರೆ ಉಪಾಯದಿಂದ ಒದಗಿಸಿದರೆ ಉಬ್ಬೇಕೆ? ಅದೂ ಅಲ್ಲದೆ, ಬೆಳಕಿನ ಅಲೆಯು ಗಡಿಯಾರದ ಮುಳ್ಳಿನಂತೆ ಒಂದು ಸುತ್ತು ಮುಗಿದೊಡನೆ ಮೊದಲಿನ ಸ್ಥಾನಕ್ಕೇ ಬರುವುದರಿಂದ, ಹೆಚ್ಚೆಂದರೆ ಒಂದು ಅಲೆಯಷ್ಟು ತಡೆ ಸಾಕು.

೨೦೧೬ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಫೆಡೆರಿಕೊ ಕಪಾಸೊ ಎಂಬವರ ಬಳಗವು ಇದನ್ನು ಕಣ್ಣಿಗೆ ಕಾಣುವ ಬೆಳಕಿನಲ್ಲಿ ಮಾಡಿ ತೋರಿಸಿತು. ಚಪ್ಪಟೆ ಗಾಜಿನ ಮೇಲೆ ಟೈಟೇನಿಯಂ ಡೈಆಕ್ಸೈಡಿನ ಅಸಂಖ್ಯ ಪುಟ್ಟ ಗೋಡೆಗಳನ್ನು ಅವರು ನಿಲ್ಲಿಸಿದರು. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗಕ್ಕೆ ನ್ಯಾನೋಮೀಟರ್ ಎಂದು ಹೆಸರು. ಈ ಗೋಡೆಗಳ ಎತ್ತರ ೬೦೦ ನ್ಯಾನೋಮೀಟರ್, ಎಂದರೆ ಕೂದಲೆಳೆಯ ದಪ್ಪದ ಸುಮಾರು ನೂರರಲ್ಲೊಂದು ಪಾಲು. ಮಿಲಿಮೀಟರಿನ ಕಾಲುಭಾಗದಷ್ಟೂ ಅಗಲವಿಲ್ಲದ ಆ ಮಸೂರವು ವಸ್ತುವನ್ನು ೧೭೦ ಪಟ್ಟು ಹಿಗ್ಗಿಸಿ ತೋರಿಸಿತು.

ಗೋಡೆಗಳೆಲ್ಲ ಒಂದೇ ಅಳತೆಯವು. ಒಂದೊಂದೂ ತಿರುಗಿ ನಿಂತಿರುವ ಕೋನ ಮಾತ್ರ ಬೇರೆ. ತಿರುಪುಮೊಳೆಯಂತೆ ಸುತ್ತುತ್ತ ಸಾಗುವ ಬೆಳಕು ಇವುಗಳನ್ನು ಹಾಯುವಾಗ, ಗೋಡೆಯು ಎಷ್ಟು ತಿರುಗಿದೆಯೋ ಅದರ ಎರಡರಷ್ಟು ಕೋನದಲ್ಲಿ ಅಲೆಯು ಹಿಂದುಮುಂದಾಗುತ್ತದೆ. ಈ ತತ್ತ್ವದ ಬೇರು ನಮ್ಮ ಬೆಂಗಳೂರಿನಲ್ಲಿದೆ ಎಂಬುದನ್ನು ತಿಳಿದಾಗ ನನಗೆ ರೋಮಾಂಚವಾಯಿತು. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ನರ ಸೋದರಿಯ ಮಗನಾದ ಎಸ್. ಪಂಚರತ್ನಂ ಎಂಬ ತರುಣರು ೧೯೫೬ರಲ್ಲಿ, ತಮ್ಮ ೨೨ನೆಯ ವಯಸ್ಸಿನಲ್ಲಿ, ಇದನ್ನು ಕಂಡುಹಿಡಿದರು. ಬೆಳಕಿನ ಕಂಪನದ ರೀತಿಯನ್ನು ಬಗೆಬಗೆಯಾಗಿ ಬದಲಾಯಿಸಿ ಮತ್ತೆ ಮೊದಲಿನ ಸ್ಥಿತಿಗೇ ತಂದರೂ, ಅದು ಹಾದುಬಂದ ಬದಲಾವಣೆಗಳ ಗುರುತು ಅಲೆಯಲ್ಲಿ ಉಳಿಯುತ್ತದೆ ಎಂದು ಅವರು ತೋರಿಸಿದರು. ಇಂಗ್ಲೆಂಡಿನ ಮೈಕೇಲ್ ಬೆರಿಯವರು ೧೯೮೪ರಲ್ಲಿ ಇಂತಹುದೇ ತತ್ತ್ವವನ್ನು ವಿಸ್ತಾರವಾಗಿ ಪ್ರತಿಪಾದಿಸಿದ ಮೇಲೆಯೇ ಪಂಚರತ್ನಂ ಅವರ ಲೇಖನಕ್ಕೆ ಸಲ್ಲಬೇಕಾದ ಮರ್ಯಾದೆ ಸಂದಿತು. ಅದನ್ನು ನೋಡಲು ಅವರಿರಲಿಲ್ಲ. ೧೯೬೯ರಲ್ಲಿಯೇ, ೩೫ ವರ್ಷದವರಾಗಿ, ತೀರಿಕೊಂಡಿದ್ದರು.

ಚಪ್ಪಟೆ ಮಸೂರಕ್ಕೂ ದೋಷವುಂಟು. ಒಂದು ಬಣ್ಣಕ್ಕೆಂದು ಲೆಕ್ಕಹಾಕಿ ನಿಲ್ಲಿಸಿದ ಗೋಡೆಗಳು ಇನ್ನೊಂದು ಬಣ್ಣವನ್ನು ಬೇರೆ ಸ್ಥಳದಲ್ಲಿ ಕೂಡಿಸುತ್ತವೆ. ಚಿತ್ರದ ಅಂಚುಗಳು ಕಲಸಿಹೋಗುತ್ತವೆ. ೨೦೧೮ರಲ್ಲಿ ಹಾರ್ವರ್ಡಿನವರೇ ನೀಲಿಯಿಂದ ಕೆಂಪಿನವರೆಗೆ ಒಂದೆಡೆ ಕೂಡಿಸುವ ಮಸೂರವನ್ನು ಮಾಡಿದರು. ೨೦೨೧ರಲ್ಲಿ ಪ್ರಿನ್ಸ್‌ಟನ್ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾನಿಲಯಗಳ ವಿದ್ವಾಂಸರು ಹಿಡಿದ ದಾರಿ ಬೇರೆ. ಉಪ್ಪಿನ ಹರಳಿನಷ್ಟು, ಅರ್ಧ ಮಿಲಿಮೀಟರ್ ಅಗಲದ ಮಸೂರದಲ್ಲಿ ಅವರು ೧೬ ಲಕ್ಷ ಕಂಬಗಳನ್ನು ನಿಲ್ಲಿಸಿದರು. ಅದರಿಂದ ಬಂದ ಮಸುಕು ಚಿತ್ರವನ್ನು ಕಂಪ್ಯೂಟರಿನ ಗಣಿತವು ತಿದ್ದುತ್ತದೆ. ಹೀಗೆ ತಿದ್ದಿದ ಚಿತ್ರವು ಐದು ಲಕ್ಷ ಪಟ್ಟು ದೊಡ್ಡದಾದ ಸಾಮಾನ್ಯ ಮಸೂರಗಳ ಜೋಡಣೆಯ ಚಿತ್ರಕ್ಕೆ ಸಾಟಿಯಾಯಿತು.

ಇಲ್ಲಿಯೇ ನನ್ನ ತರ್ಕಶಾಸ್ತ್ರ ಅಡ್ಡಬರುತ್ತದೆ. ಈ ಚಿತ್ರವು ಪ್ರತ್ಯಕ್ಷವೋ ಅನುಮಾನವೋ? ಗಣಿತಯಂತ್ರವು ಮೊದಲು ಎಷ್ಟೋ ಚಿತ್ರಗಳನ್ನು ನೋಡಿ ಪಳಗಿ, ಬಳಿಕ ಮಸುಕಿನ ಹಿಂದೆ ಏನಿದ್ದಿರಬೇಕೆಂದು ಊಹಿಸುತ್ತದೆ. ಹೂವಿನ ಚಿತ್ರದಲ್ಲಿ ಒಂದು ಎಸಳಿನ ಅಂಚು ತಪ್ಪಿದರೆ ಯಾರಿಗೂ ನಷ್ಟವಿಲ್ಲ. ಜಠರದ ಗೋಡೆಯಲ್ಲಿ ಸಾಸಿವೆಯಷ್ಟು ಹುಣ್ಣು ಇದೆಯೋ ಇಲ್ಲವೋ ಎಂಬಲ್ಲಿ ಊಹೆ ತಪ್ಪಿದರೆ ಪ್ರಾಣಕ್ಕೇ ಬಂದೀತು. ವೈದ್ಯಕೀಯಕ್ಕೆ ಇದು ಉಪಯೋಗವಾದೀತೆಂದು ಆ ವಿದ್ವಾಂಸರೇ ಹೇಳಿದ್ದಾರೆ, ನಾನೂ ಹಾರೈಸುತ್ತೇನೆ. ಆದರೆ ದೊಡ್ಡ ಕೊಳವೆ ತೋರಿಸಿದ್ದನ್ನೂ ಇದು ತೋರಿಸಿದ್ದನ್ನೂ ಸಾವಿರಾರು ರೋಗಿಗಳಲ್ಲಿ ತಾಳೆನೋಡಿದ ಹೊರತು ನಂಬತಕ್ಕದ್ದಲ್ಲ. ಅಷ್ಟು ನಂಬಿಕೆ ಬೇಡದ ಕಡೆಗಳಲ್ಲಿ ಚಪ್ಪಟೆ ಮಸೂರವು ಆಗಲೇ ಪೇಟೆಯನ್ನು ಸೇರಿದೆ: ೨೦೨೨ರಿಂದೀಚೆಗೆ, ಬೆಳಕಿನಿಂದ ದೂರವನ್ನು ಅಳೆಯುವ ಪುಟ್ಟ ಉಪಕರಣಗಳಲ್ಲಿ ಅದನ್ನು ಕೂಡಿಸಿ ಮಾರುತ್ತಿದ್ದಾರೆ.

ಇದನ್ನೆಲ್ಲ ವೈದ್ಯರಿಗೆ ಹೇಳಿದೆನು. ಅವರು ಗಮನವಿಟ್ಟು ಕೇಳಿ, ಬರುವ ಮಾಘದಲ್ಲಿ ಮತ್ತೆ ಪರೀಕ್ಷೆಗೆ ಬರಬೇಕೆಂದರು. ಕಿರುಬೆರಳಿನ ಗಾತ್ರದ ಆ ಕೊಳವೆಯನ್ನೇ ನುಂಗುವುದೆಂದು ಮನಸ್ಸು ಮಾಡಿಕೊಂಡಿದ್ದೇನೆ.