ಪಾಠಶಾಲೆಗೆ ಬಂದ ಕುಂಬಳಕಾಯಿ

‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ’ ಎಂಬ ಗಾದೆಯನ್ನು ನಮ್ಮ ಮನೆಗಳಲ್ಲಿ ಹಿರಿಯರು ಇಂದಿಗೂ ಆಡುವುದುಂಟು. ಆದರೆ ಆ ಕಳ್ಳನು ಹೆಗಲನ್ನೇ ಏಕೆ ಮುಟ್ಟಿಕೊಂಡನೆಂದು ಮಕ್ಕಳನ್ನು ಕೇಳಿ ನೋಡಿರಿ. ಅಂಗಡಿಯಲ್ಲಿ ಕೊಯ್ದಿಟ್ಟ ಹೋಳನ್ನಷ್ಟೇ ಕಂಡ ಪೇಟೆಯ ಮಗು ಉತ್ತರಿಸಲಾರದು. ವಿವರಣೆ ಕೊಡುವುದಕ್ಕಿಂತ ಬಲಿತ ಬೂದುಗುಂಬಳವೊಂದನ್ನು ತರಗತಿಗೆ ತಂದು ಕೈಯಿಂದ ಕೈಗೆ ದಾಟಿಸುವುದು ಲೇಸು. ಅಂಗೈಗೆ ಬಿಳಿಯ ಪುಡಿ ಅಂಟಿದೊಡನೆ ಕಳ್ಳನ ಗುಟ್ಟು ಬಯಲಾಗುತ್ತದೆ. ಅದು ಬೂದಿಯಲ್ಲ, ಕಾಯಿಯ ಮೈಮೇಲಿನ ಮೇಣ. ಒಳಗಿನ ನೀರು ಆರದಂತೆ ಕಾಯುವ ಹೊದಿಕೆ. ಆದುದರಿಂದಲೇ ಬೂದುಗುಂಬಳವು ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ.

ಪಕ್ಕದಲ್ಲಿ ಸಿಹಿಗುಂಬಳವನ್ನೂ ಇಡಬೇಕು. ಇವೆರಡೂ ಒಂದೇ ಕುಟುಂಬದ ಬೇರೆ ಬೇರೆ ಬಳ್ಳಿಗಳು. ಬೂದುಗುಂಬಳ ಏಷ್ಯದ ಹಳೆಯ ಬೆಳೆ. ಸಿಹಿಗುಂಬಳದ ತವರು ಅಮೆರಿಕ ಖಂಡ. 1492ರ ನಂತರ ಯುರೋಪಿನ ಹಡಗುಗಳು ಅತ್ತ ಹೋಗಿ ಬರತೊಡಗಿದ ಮೇಲೆಯೇ ಅದು ನಮ್ಮ ಹಿತ್ತಲನ್ನು ಸೇರಿತು. ಮಕ್ಕಳು ಚಿತ್ರ ಬರೆಯುವಾಗ ಪುಸ್ತಕ ನೋಡಿ ಕಿತ್ತಳೆ ಬಣ್ಣ ತುಂಬುತ್ತಾರೆ. ಎದುರಿಗಿರುವ ಕಾಯಿ ಹಸಿರೋ ಕಂದೋ ಎಂದು ನೋಡಿ ತುಂಬಲಿ.

ದಾರದಿಂದ ಸುತ್ತಳತೆ, ತಕ್ಕಡಿಯಿಂದ ತೂಕ, ಇವೆಲ್ಲ ಸುಲಭ. ಮೊದಲು ಊಹಿಸಿ ಹಲಗೆಯ ಮೇಲೆ ಬರೆದು, ಆಮೇಲೆ ಅಳೆಯಬೇಕು. ಕೊಯ್ಯುವ ಕೆಲಸ ದೊಡ್ಡವರದು. ನೂರಾರು ಬೀಜಗಳನ್ನು ಹತ್ತರ ಗುಂಪು ಮಾಡಿ ಎಣಿಸಿದ ಮಗು ನೂರರ ಲೆಕ್ಕವನ್ನು ಮರೆಯದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಮೊದಲಾದ ನಲಿಕಲಿ ಪದ್ಧತಿಯ ಆಶಯವೂ ಮಾಡಿ ಕಲಿಯುವುದೇ ಅಲ್ಲವೇ?

ಅಸಲು ಪಾಠವಿರುವುದು ಹೂವಿನಲ್ಲಿ. ಸಿಹಿಗುಂಬಳದ ಬೀಜವನ್ನು ಒಂದಂಗುಲ ಆಳಕ್ಕೆ ಊರಿದರೆ ವಾರದೊಳಗೆ ಮೊಳಕೆ, ಸುಮಾರು ಒಂದೂವರೆ ತಿಂಗಳಿಗೆ ಹೂವು. ಮೊದಲ ಹೂಗಳೆಲ್ಲ ಉದುರುತ್ತವೆ. ನಾವೂ ಒಮ್ಮೆ ಇದನ್ನು ರೋಗವೆಂದು ಬಗೆದು ಬಳ್ಳಿಯನ್ನೇ ಕೀಳಲು ಹೊರಟಿದ್ದೆವು! ಅವು ಗಂಡು ಹೂಗಳು, ಉದುರುವುದೇ ಅವುಗಳ ಧರ್ಮ. ಹೆಣ್ಣು ಹೂವು ತುಸು ತಡವಾಗಿ ಬರುತ್ತದೆ. ಎಸಳುಗಳ ಕೆಳಗೆ ಪುಟ್ಟ ಕಾಯಿಯನ್ನು ಹೊತ್ತೇ ಬರುತ್ತದೆ.

ಮರುದಿನ ಅರಳಲಿರುವ ಹೆಣ್ಣು ಮೊಗ್ಗಿನ ತುದಿ ಸಂಜೆಗೇ ಹಳದಿಯಾಗಿರುತ್ತದೆ. ಅಂಥ ಎರಡನ್ನು ಗುರುತಿಸಿ ತೆಳು ಬಟ್ಟೆಯ ಚೀಲ ಕಟ್ಟಿಸಿರಿ. ನಸುಕಿನಲ್ಲಿ ಒಂದರ ಚೀಲ ಬಿಚ್ಚಿ, ಗಂಡು ಹೂವಿನ ಎಸಳು ಕಿತ್ತು, ಅದರ ಪರಾಗವನ್ನು ಹೆಣ್ಣು ಹೂವಿನ ನಡುವೆ ಸವರಿ, ಮತ್ತೆ ಕಟ್ಟಬೇಕು. ಇನ್ನೊಂದನ್ನು ಮುಟ್ಟಕೂಡದು. ಕೆಲವೇ ದಿನಗಳಲ್ಲಿ ಸವರಿದುದು ಸಾಮಾನ್ಯವಾಗಿ ಉಬ್ಬತೊಡಗುತ್ತದೆ. ಮುಚ್ಚಿಟ್ಟುದು ಹಳದಿಗಟ್ಟಿ ಉದುರುತ್ತದೆ. ಹೊಲಕ್ಕೆ ಬೆಳಗಿನ ಹೊತ್ತು ವಿಷದ ಔಷಧಿ ಸಿಂಪಡಿಸಿದರೆ ಆಗುವ ನಷ್ಟವೇನೆಂದು ಆಗ ಕೇಳಿರಿ. ಜೇನುನೊಣದ ಹೆಸರನ್ನು ಮಕ್ಕಳೇ ಹೇಳಿಯಾರು.

ಒಂದು ತೊಡಕುಂಟು. ಹೂವು ಅರಳುವುದು ಬೆಳಗಿನ ಜಾವ. ಶಾಲೆಯ ಗಂಟೆ ಬಾರಿಸುವ ಹೊತ್ತಿಗೆ ಬಾಡಲಾರಂಭಿಸಿರುತ್ತದೆ. ಆದ್ದರಿಂದ ಈ ಭಾಗವನ್ನು ತಾಯಂದಿರು ಮನೆಯ ಹಿತ್ತಲಿನಲ್ಲಿಯೇ ಮಾಡಿಸಬೇಕು.

ಜೂನ್ ತಿಂಗಳಲ್ಲಿ ಶಾಲೆಯ ಕೈತೋಟದಲ್ಲಿ ಬಿತ್ತಿದ ಬಳ್ಳಿಯ ಕಾಯಿ ಬಲಿಯುವುದು ದಸರೆಯ ರಜೆಯ ಸುಮಾರಿಗೆ. ನೀರೆರೆದು ಕಾಯಲು ನೆರೆಮನೆಯವರಿಗೆ ಮೊದಲೇ ಹೇಳಿಡುವುದು ಒಳಿತು. ಸಿಹಿಗುಂಬಳಕ್ಕೆ ಬೂದಿಯಿಲ್ಲ, ಕಳುವಾದರೆ ಯಾರ ಹೆಗಲೂ ಸಾಕ್ಷಿ ಹೇಳಲಾರದು.